ಕರ್ತೃವಿಲ್ಲದ ವಾಕ್ಯ: ಶಾಸನದಿಂದ ಸರ್ಕಾರಿ ಬರಹಕ್ಕೆ

ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳ ಶಾಸನಗಳು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿಯೂ (1902) ಜಗಳೂರಿನವು 11ನೆಯ ಸಂಪುಟದಲ್ಲಿಯೂ ಪ್ರಕಟವಾಗಿವೆ. ಇಂದು ಪ್ರತ್ಯೇಕ ತಾಲ್ಲೂಕಾಗಿರುವ ನ್ಯಾಮತಿ ಆಗ ಹೊನ್ನಾಳಿಗೆ ಸೇರಿತ್ತು. ದಾನಶಾಸನಗಳಲ್ಲಿ ಸಾಮಾನ್ಯವಾಗಿ ಕರ್ತೃವಿಗೇ ಪ್ರಾಧಾನ್ಯ. ದಾನಿಯ ಹೆಸರು, ಬಿರುದುಗಳು ಮೊದಲು ಬರುತ್ತವೆ. ‘ಕೊಟ್ಟಂ’, ‘ಬಿಟ್ಟರ್’ ಎಂಬ ಕ್ರಿಯಾಪದಗಳು ಅವನನ್ನು ಅನುಸರಿಸುತ್ತವೆ.

ಆಧುನಿಕ ಆಡಳಿತ ಕನ್ನಡದ ಕ್ರಮ ಬೇರೆ. ‘ಚನ್ನಗಿರಿಯನ್ನು ದಾವಣಗೆರೆ ಜಿಲ್ಲೆಗೆ ಸೇರಿಸಲಾಯಿತು’ ಎಂಬಲ್ಲಿ ಸೇರಿಸಿದವರು ಯಾರೆಂಬುದು ಇಲ್ಲ. ‘ಅವರು ಕರೆಯಲ್ಪಟ್ಟರು’ ಎಂಬ ಕರ್ಮಣಿ ಪ್ರಯೋಗದಲ್ಲಿ ಕರ್ಮವು ಪ್ರಥಮಾ ವಿಭಕ್ತಿಗೆ ಬಂದು ಕ್ರಿಯಾಪದವನ್ನು ನಿಯಂತ್ರಿಸುತ್ತದೆ. ‘ಅವರನ್ನು ಕರೆಯಲಾಯಿತು’ ಎಂಬಲ್ಲಿಯಾದರೋ ಕರ್ಮವು ದ್ವಿತೀಯೆಯಲ್ಲೇ ಉಳಿದು, ಕ್ರಿಯಾಪದವು ನಪುಂಸಕ ಏಕವಚನದಲ್ಲಿ ನಿಲ್ಲುತ್ತದೆ. ಸ್ಪ್ಯಾನಿಷ್ ಭಾಷೆಯು ‘ಸೆ’ ಎಂಬ ಆತ್ಮಾರ್ಥಕ ಸರ್ವನಾಮದಿಂದ ಇಂಥದೇ ಕರ್ತೃರಹಿತ ವಾಕ್ಯಗಳನ್ನು ರಚಿಸುತ್ತದೆ. ಕನ್ನಡದಲ್ಲಿ ಆ ಕಾರ್ಯವನ್ನು ‘ಆಗು’ ಧಾತು ನಿರ್ವಹಿಸುತ್ತದೆ.

ಈ ವ್ಯಾಕರಣಭೇದವು ಇತಿಹಾಸ ರಚನೆಗೂ ಸಂಬಂಧಿಸಿದುದು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಅಸ್ತಿತ್ವಕ್ಕೆ ಬಂದಾಗ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗದಿಂದ ಜಗಳೂರೂ ಅದಕ್ಕೆ ಸೇರಿದವು. ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಚನ್ನಗಿರಿ ಕ್ಷೇತ್ರದ ಶಾಸಕರಾಗಿದ್ದರು. ‘ಸೇರಿಸಲಾಯಿತು’ ಎಂಬ ಪದವು ಈ ಸಂಗತಿಯತ್ತ ಬೆರಳು ತೋರುವುದಿಲ್ಲ. ಕಲ್ಬರಹ ತಾನೇ ಹೆಸರಿಸುತ್ತಿದ್ದ ಕರ್ತೃವನ್ನು ಕಡತದ ಬರಹದಲ್ಲಿ ಸಂಶೋಧಕರೇ ಅನ್ಯ ಆಕರಗಳಿಂದ ಹುಡುಕಿ ತುಂಬಬೇಕಾಗುತ್ತದೆ.