ಜಾನ್ ರಿಗ್ಬಿ ಅಂಡ್ ಕಂಪನಿ
ಐರ್ಲೆಂಡಿನ ಡಬ್ಲಿನ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಗೊಂಡ ಬಂದೂಕು ತಯಾರಿಕಾ ಸಂಸ್ಥೆ. ಬೇಟೆಯ ರೈಫಲ್ ಮತ್ತು ತೋಟಾಗಳಿಗೆ ಪ್ರಸಿದ್ಧ. ಸ್ಥಾಪನೆಯ ವರ್ಷವನ್ನು ಸಂಸ್ಥೆ 1775 ಎಂದು ಹೇಳಿಕೊಳ್ಳುತ್ತದೆ. ಲಂಡನ್ ಮಳಿಗೆ ತೆರೆದದ್ದು 1865ರಲ್ಲಿ. 19ನೆಯ ಶತಮಾನದ ಕೊನೆಯಲ್ಲಿ ಕಾರ್ಡೈಟ್ ಎಂಬ ಹೊಗೆರಹಿತ ಮದ್ದನ್ನು ಬಳಸಿ, ಜೋಡುನಳಿಗೆಯ ರೈಫಲ್‌ಗಳಿಗಾಗಿ .450 ನೈಟ್ರೋ ಎಕ್ಸ್‌ಪ್ರೆಸ್ ತೋಟಾವನ್ನು ರೂಪಿಸಿತು. ಜರ್ಮನಿಯ ಮೌಸರ್ ಯಂತ್ರಭಾಗಗಳನ್ನು ಆಧರಿಸಿ ಬೋಲ್ಟ್ ರೈಫಲ್‌ಗಳನ್ನೂ ತಯಾರಿಸಿತು. ಅವುಗಳಲ್ಲಿ ಬಳಸಿದ .275 ರಿಗ್ಬಿ ತೋಟಾ ವಾಸ್ತವವಾಗಿ 7×57 ಮಿ.ಮೀ. ಮೌಸರ್ ತೋಟಾವೇ.

ಸಂಸ್ಥೆಯ ಮುಖ್ಯ ಕೊಡುಗೆ 1911ರ .416 ರಿಗ್ಬಿ. ಆನೆ, ಕಾಡೆಮ್ಮೆಗಳಂಥ ದೊಡ್ಡ ಪ್ರಾಣಿಗಳಿಗೆಂದು ರಚಿಸಿದ ಈ ತೋಟಾದ ಗುಂಡು 410 ಗ್ರೇನ್, ಅಂದರೆ ಸುಮಾರು 26.5 ಗ್ರಾಂ ತೂಗುತ್ತದೆ. ಬಿಸಿಲಿನ ನಾಡುಗಳಲ್ಲಿ ಕಾರ್ಡೈಟ್ ಕಾದಾಗ ನಳಿಗೆಯೊಳಗಿನ ಒತ್ತಡ ಹೆಚ್ಚಿ, ತೋಟಾದ ಖಾಲಿ ಕೋಶ ಹೊರಬರದೆ ಸಿಕ್ಕಿಕೊಳ್ಳುವ ಅಪಾಯವಿತ್ತು. ಎದುರಿಗೆ ಗಾಯಗೊಂಡ ಪ್ರಾಣಿ ಇದ್ದಾಗ ಇದು ಮಾರಕ. ಕೋಶವನ್ನು ಹಿಗ್ಗಿಸಿ ಒತ್ತಡವನ್ನು ತಗ್ಗಿಸಿದ್ದೇ ಈ ವಿನ್ಯಾಸದ ಜಾಣ್ಮೆ.

ಭಾರತದ ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದದ್ದಕ್ಕಾಗಿ ಬೇಟೆಗಾರ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ದೊರೆತದ್ದು .275 ರಿಗ್ಬಿ ರೈಫಲ್. ಸಂಸ್ಥೆ ಕೆಲಕಾಲ ಅಮೆರಿಕದ ಒಡೆತನಕ್ಕೆ ಹೋಗಿತ್ತು. 2013ರಲ್ಲಿ ಜರ್ಮನಿಯ ಎಲ್ ಅಂಡ್ ಓ ಸಮೂಹ ಅದನ್ನು ಕೊಂಡ ಬಳಿಕ ತಯಾರಿಕೆ ಲಂಡನ್ನಿಗೆ ಮರಳಿತು.