ಮಣಿಕಟ್ಟಿನ ನರಕ್ಕೆ ಕಂಪ್ಯೂಟರ್ ಪರೀಕ್ಷೆ: ಅಂಕಿ ಯಂತ್ರದ್ದು, ತೀರ್ಮಾನ ವೈದ್ಯರದು

ನಡುರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುವುದು, ಕೈ ಕೊಡವಿದಾಗ ಕೊಂಚ ಹಿತವೆನಿಸುವುದು, ಹೆಬ್ಬೆರಳಿನಿಂದ ಉಂಗುರ ಬೆರಳಿನವರೆಗೆ ಸೂಜಿ ಚುಚ್ಚಿದಂತಾಗುವುದು- ಇವು ‘ಕಾರ್ಪಲ್ ಟನಲ್ ಸಿಂಡ್ರೋಮ್’ನ ಸಾಮಾನ್ಯ ಲಕ್ಷಣಗಳು. ಮಣಿಕಟ್ಟಿನ ಕಿರಿದಾದ ಸುರಂಗದಲ್ಲಿ ಒಂಬತ್ತು ಸ್ನಾಯುರಜ್ಜುಗಳೊಡನೆ ಸಾಗುವ ಮೀಡಿಯನ್ ನರ ಒತ್ತಡಕ್ಕೆ ಸಿಲುಕುವುದೇ ಇದಕ್ಕೆ ಕಾರಣ. ಮಧುಮೇಹಿಗಳು, ಥೈರಾಯ್ಡ್ ಕೊರತೆಯುಳ್ಳವರು ಹಾಗೂ ಗರ್ಭಿಣಿಯರಲ್ಲಿ ಇದರ ಸಾಧ್ಯತೆ ಹೆಚ್ಚು.

ಪರೀಕ್ಷೆಯ ವಿಧಾನ

ಒತ್ತಡಕ್ಕೊಳಗಾದ ನರದಲ್ಲಿ ಸಂಕೇತ ನಿಧಾನವಾಗಿ ಹರಿಯುತ್ತದೆ. ಸ್ಕಾಟ್ಲೆಂಡಿನ ನರತಜ್ಞ ಜೆ.ಎ. ಸಿಂಪ್ಸನ್ 1956ರಲ್ಲಿ ಇದನ್ನು ಅಳೆದು ತೋರಿಸಿದರು. ಮಣಿಕಟ್ಟಿನ ಬಳಿ ಚರ್ಮದ ಮೇಲಿಂದ ಅಲ್ಪ ಪ್ರಮಾಣದ ವಿದ್ಯುತ್ ಹಾಯಿಸಿ, ಸಂಕೇತವು ಹೆಬ್ಬೆರಳ ಬುಡದ ಸ್ನಾಯುವನ್ನು ತಲುಪಲು ತಗಲುವ ಕಾಲವನ್ನು ದಾಖಲಿಸಲಾಗುತ್ತದೆ. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ 4 ಮಿಲಿಸೆಕೆಂಡಿನ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಬೆರಳುಗಳ ಸ್ಪರ್ಶಜ್ಞಾನದ ಎಳೆಗಳನ್ನೂ ಪರೀಕ್ಷಿಸಿ, ಕಿರುಬೆರಳಿಗೆ ಹೋಗುವ ಅಲ್ನಾರ್ ನರದೊಂದಿಗೆ ಹೋಲಿಸಲಾಗುತ್ತದೆ. ಎರಡೂ ನರಗಳು ನಿಧಾನವಾಗಿದ್ದಲ್ಲಿ ಮಧುಮೇಹದಂತಹ ವ್ಯಾಪಕ ನರದೋಷವನ್ನು ಶಂಕಿಸಬೇಕಾಗುತ್ತದೆ.

ಕಂಪ್ಯೂಟರ್‌ನ ಪಾತ್ರ

ಮೊದಲು ತಜ್ಞರ ಪ್ರಯೋಗಾಲಯಕ್ಕಷ್ಟೇ ಸೀಮಿತವಾಗಿದ್ದ ಈ ಪರೀಕ್ಷೆಯನ್ನು ಸ್ವಯಂಚಾಲಿತ ಉಪಕರಣಗಳು ಸಾಮಾನ್ಯ ವೈದ್ಯರ ಮೇಜಿಗೂ ತಂದವು. ಅಮೆರಿಕದ ನ್ಯೂರೋಮೆಟ್ರಿಕ್ಸ್ ಸಂಸ್ಥೆ 1999ರಲ್ಲಿ ಮಾರಾಟಕ್ಕೆ ತಂದ ‘ಎನ್‌ಸಿ-ಸ್ಟಾಟ್’ ಇಂತಹ ಒಂದು ಸಾಧನ. ಮಣಿಕಟ್ಟಿಗೆ ಅಂಟಿಸುವ ಸಿದ್ಧ ಪಟ್ಟಿಯೇ ನರವನ್ನು ಪ್ರಚೋದಿಸಿ ಪ್ರತಿಕ್ರಿಯೆಯನ್ನು ಗ್ರಹಿಸುತ್ತಿತ್ತು. ಕಂಪ್ಯೂಟರ್ ವರದಿ ಸಿದ್ಧಪಡಿಸುತ್ತಿತ್ತು.

ಎಚ್ಚರಿಕೆ ಎಲ್ಲಿ?

ವರದಿಯ ಅಂಕಿಗಳನ್ನೇ ರೋಗನಿರ್ಣಯವೆಂದು ಭಾವಿಸುವುದು ಸರಿಯಲ್ಲ. ಕೈ ತಣ್ಣಗಿದ್ದರೆ ಆರೋಗ್ಯವಂತ ನರವೂ ನಿಧಾನವಾಗುತ್ತದೆ. ಆದ್ದರಿಂದ ಪರೀಕ್ಷೆಗೆ ಮುನ್ನ ಕೈಯನ್ನು ಬೆಚ್ಚಗಾಗಿಸಬೇಕು. ರೋಗ ಆರಂಭದ ಹಂತದಲ್ಲಿದ್ದಾಗ ಫಲಿತಾಂಶ ಸಹಜವಾಗಿಯೇ ಬರಬಹುದು. ತೊಂದರೆಯ ಮೂಲ ಕುತ್ತಿಗೆಯಲ್ಲಿದ್ದರೆ ಮಣಿಕಟ್ಟನ್ನಷ್ಟೇ ಅಳೆಯುವ ಸಾಧನಕ್ಕೆ ಅದು ಗೋಚರಿಸದು. ಅಂತಹ ಸಂದರ್ಭದಲ್ಲಿ ಸ್ನಾಯುವಿಗೆ ಸೂಜಿ ಚುಚ್ಚಿ ನಡೆಸುವ ಇಎಂಜಿ ಪರೀಕ್ಷೆ ಬೇಕಾಗಬಹುದು. ಇದನ್ನು ಕಡೆಗಣಿಸಿದರೆ ಅನಗತ್ಯ ಶಸ್ತ್ರಚಿಕಿತ್ಸೆಗೆ ಒಳಗಾಗುವ ಅಥವಾ ಅಗತ್ಯ ಚಿಕಿತ್ಸೆ ತಡವಾಗುವ ಅಪಾಯವುಂಟು.

ಪೇಸ್‌ಮೇಕರ್ ಅಳವಡಿಸಿಕೊಂಡವರು ಅದನ್ನು ಮುಂಚಿತವಾಗಿ ತಿಳಿಸಬೇಕು. ರೋಗ ಸೌಮ್ಯವಾಗಿದ್ದರೆ ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳುವುದರಿಂದಲೇ ಹಲವರಿಗೆ ಉಪಶಮನ ದೊರೆಯುತ್ತದೆ. ಆದರೆ ಹೆಬ್ಬೆರಳ ಬುಡದ ಮಾಂಸಖಂಡ ಕ್ಷೀಣಿಸುತ್ತಿದ್ದರೆ, ಕೈಯಿಂದ ವಸ್ತುಗಳು ಜಾರುತ್ತಿದ್ದರೆ ವಿಳಂಬ ಸಲ್ಲದು. ನರ ಶಾಶ್ವತವಾಗಿ ಘಾಸಿಗೊಂಡ ನಂತರ ಶಸ್ತ್ರಚಿಕಿತ್ಸೆಯಿಂದಲೂ ಪೂರ್ಣ ಶಕ್ತಿ ಮರಳದಿರಬಹುದು.