ಗೆಣ್ಣು

ಜೋಳದ ದಂಟು ಮುರಿದು ನೋಡಿದವರಿಗೆ ಗೆಣ್ಣು ಗೊತ್ತು. ಎಲೆ ಹುಟ್ಟುವುದು ಅಲ್ಲೇ. ಕಬ್ಬಿಗೂ ಬೆರಳಿಗೂ ಗೆಣ್ಣುಂಟು. ಕೆಲವರು ಗಿಣ್ಣು ಎನ್ನುತ್ತಾರೆ, ಗಣಿಕೆಯೂ ಇದೇ ಬಳಗದ್ದು. ತಮಿಳಿನಲ್ಲಿ ಇದರ ಸೋದರ ‘ಕಣು’.

ಕಂಪ್ಯೂಟರಿನವರ ‘ನೋಡ್’ ಕೂಡ ಇಂಥದೇ. ಲ್ಯಾಟಿನ್ನಿನ ‘ನೋಡುಸ್’ ಎಂದರೆ ಗಂಟು. 1998ರಲ್ಲಿ ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯು3ಸಿ ಶಿಫಾರಸು ಮಾಡಿದ ಎಕ್ಸ್‌ಎಂಎಲ್‌ನ ಕಡತ ಓದಿದಾಗ ಬ್ರೌಸರ್ ಒಂದು ಮರ ಕಟ್ಟುತ್ತದೆ. ಅದರ ಒಂದೊಂದು ಗೆಣ್ಣೂ ನೋಡ್. ಟ್ಯಾಗಿನ ಹೆಸರು ಕನ್ನಡದಲ್ಲೇ ಇರಬಹುದು ಎಂಬುದು ಹಲವರಿಗೆ ತಿಳಿಯದು:

<ಊರು>ಡೋಣಿ</ಊರು>

ಇಲ್ಲಿ ‘ಊರು’ ಒಂದು ಗೆಣ್ಣು. ಒಳಗಿನ ‘ಡೋಣಿ’ ಎಂಬ ಪಠ್ಯ ಅದರಿಂದ ಹೊರಟ ಇನ್ನೊಂದು ಗೆಣ್ಣು. ಹೊಸಬರು ಎಡವುವುದು ಇಲ್ಲೇ: ಮೊದಲನೆಯದನ್ನೇ ಅಕ್ಷರವೆಂದು ತಿಳಿದು ಪರದೆಗೆ ಕಳಿಸುತ್ತಾರೆ, ಊರಿನ ಹೆಸರಿನ ಬದಲು ‘ಆಬ್ಜೆಕ್ಟ್ ಎಲಿಮೆಂಟ್’ ಎಂಬ ಒಣ ಉತ್ತರ ಬರುತ್ತದೆ. ಆ ಗೆಣ್ಣಿನ ಟೆಕ್ಸ್ಟ್‌ಕಂಟೆಂಟ್ ಕೇಳಿದರೆ ಬರಿಯ ‘ಡೋಣಿ’ ಸಿಗುತ್ತದೆ. ಟ್ಯಾಗುಗಳೂ ಬೇಕಿದ್ದರೆ ಎಕ್ಸ್‌ಎಂಎಲ್‌ಸೀರಿಯಲೈಜರ್‌ನ ಸೀರಿಯಲೈಜ್‌ಟುಸ್ಟ್ರಿಂಗ್ ಕರೆಯಬೇಕು.

ಸೀರಿಯಲೈಜ್‌ನ ಬೇರು ಲ್ಯಾಟಿನ್ನಿನ ‘ಸೆರೆರೆ’: ಜೋಡಿಸು, ಪೋಣಿಸು. ಸ್ಟ್ರಿಂಗ್ ಅಂದರೆ ದಾರ. ಹಾಗಾಗಿ ‘ಸರವಾಗಿ ಪೋಣಿಸು’ ಎಂದರೆ ಪಾಠಮಾಡುವಾಗ ಚೆನ್ನಾಗಿಯೇ ನಾಟುತ್ತದೆ. ‘ಪಠ್ಯಸರಣಿ ಪರಿವರ್ತನೆ’ ಎಂಬ ಅನುವಾದಕ್ಕಿಂತ ನನಗೆ ಇದೇ ಇಷ್ಟ. ಮಣಿಗಳ ಎಣಿಕೆ ಮಾತ್ರ ಬೇರೆ: ಕಣ್ಣಿಗೆ ‘ಡೋಣಿ’ ಎರಡೇ ಅಕ್ಷರ, ಜಾವಾಸ್ಕ್ರಿಪ್ಟ್ ಸ್ವರಚಿಹ್ನೆಗಳನ್ನೂ ಸೇರಿಸಿ ನಾಲ್ಕು ಎನ್ನುತ್ತದೆ.